ಟವರ್ ಫುಲ್ ಇದೆ, ಕರೆ ಹೋಗ್ತಿಲ್ಲ: ಮೊಬೈಲ್ ಜಾಲದಲ್ಲಿ ಮೊದಲ ಸರದಿ ಯಾರದ್ದು?

ಹೋದ ಗಣೇಶ ಹಬ್ಬಕ್ಕೆ ಊರಿಂದ ಅತ್ತೆ ಬಂದಿದ್ದರು. ಲಾಲ್‌ಬಾಗಿನ ರಾಜ ಅನ್ನೋ ಗಣಪತಿಯನ್ನು ನೋಡಲೇಬೇಕು ಅಂದರು. ಬೆಂಗಳೂರಿನ ಲಾಲ್‌ಬಾಗ್ ಅಲ್ಲ, ಮುಂಬೈಯ ಪರೇಲ್ ಪಕ್ಕದ್ದು. ಡೊಂಬಿವ್ಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿ, ದಾದರಿನಲ್ಲಿ ಇಳಿದು, ಸ್ಲೋ ಹಿಡಿದು ಚಿಂಚ್‌ಪೋಕ್ಲಿಗೆ ಹೋದೆವು. ಮುಖದರ್ಶನದ ಸಾಲು ಸೇರುವ ಮೊದಲೇ ಗರ್ದಿಯಲ್ಲಿ ಕೈ ತಪ್ಪಿತು. ಹೆಂಡತಿ, ಅತ್ತೆ ಒಂದು ಕಡೆ, ನಾನು ಇನ್ನೊಂದು ಕಡೆ. ಫೋನ್ ತೆಗೆದರೆ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿವೆ. ಕರೆ ಮಾತ್ರ ಹೋಗ್ತಿಲ್ಲ. ಹತ್ತು ಸಲ ಒತ್ತಿದೆ. ಸುತ್ತ ಇದ್ದವರೂ ಅದನ್ನೇ ಮಾಡುತ್ತಿದ್ದರು. ಒಬ್ಬ ಹುಡುಗ ಫೋನನ್ನು ತಲೆ ಮೇಲೆ ಎತ್ತಿ ಹಿಡಿದು ಲೈವ್ ವಿಡಿಯೊ ಹಾಕಲು ಒದ್ದಾಡುತ್ತಿದ್ದ. ನಾಲ್ಕು ಹೆಜ್ಜೆ ಆಚೆ ನಿಂತಿದ್ದ ಪೊಲೀಸರ ವಾಕಿಟಾಕಿ ಮಾತ್ರ ಸಲೀಸಾಗಿ ಮಾತಾಡುತ್ತಿತ್ತು. ಅವರ ವೈರ್‌ಲೆಸ್ ಜಾಲವೇ ಬೇರೆ.

ನಾನು ಬಹಳ ವರ್ಷ ಮೊಬೈಲ್ ಜಾಲಗಳ ಕೆಲಸ ಮಾಡಿದವನು. ಆ ಹೊತ್ತಿನಲ್ಲಿ ಟವರಿನ ಒಳಗೆ ಏನು ನಡೆಯುತ್ತಿದೆ ಅನ್ನೋದು ಗೊತ್ತಿತ್ತು. ಗೊತ್ತಿದ್ದರೂ ಎದೆ ಡವಗುಟ್ಟುವುದು ತಪ್ಪಲಿಲ್ಲ. ಮನೆಗೆ ಬಂದ ಮೇಲೆ ಅತ್ತೆ ಕೇಳಿದರು: "ಅಷ್ಟು ಜನ ಇರುವಾಗ ಯಾರ ಫೋನ್ ಮೊದಲು ಹೋಗಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ?" ಇಂಥ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಕೊಡೋಕೆ ಆಗಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಡ್ಡಿಗಳ ವಿಷಯ. ಟವರಿನ ದನಿ ನಿಮ್ಮ ಫೋನಿಗೆ ಎಷ್ಟು ಜೋರಾಗಿ ಕೇಳಿಸ್ತಿದೆ ಅಂತ ಅವು ಹೇಳುತ್ತವೆ, ಅಷ್ಟೇ. ಕುರ್ಲಾ ಪ್ಲಾಟ್‌ಫಾರ್ಮಿಗೆ ಲೋಕಲ್ ಬಂದು ನಿಂತದ್ದು ಕಣ್ಣಿಗೆ ಕಾಣುತ್ತದೆ. ಹತ್ತಲು ಜಾಗ ಇದೆಯಾ ಅನ್ನೋದು ಬೇರೆ ಮಾತು. 4ಜಿಯಲ್ಲಿ ಫೋನು ಟವರಿನ ಬಾಗಿಲು ತಟ್ಟಲು 64 ಸಂಕೇತಗಳಿವೆ. ಫೋನು ಅವುಗಳಲ್ಲಿ ಒಂದನ್ನು ಕಣ್ಣು ಮುಚ್ಚಿ ಆರಿಸಿಕೊಂಡು ಕಳಿಸುತ್ತದೆ. ಒಂದೇ ಕ್ಷಣದಲ್ಲಿ ಎರಡು ಫೋನು ಒಂದೇ ಸಂಕೇತ ಆರಿಸಿಕೊಂಡರೆ ಡಿಕ್ಕಿ. ಆಗ ಸ್ವಲ್ಪ ಹೊತ್ತು ಕಾದು ಮತ್ತೆ ತಟ್ಟಬೇಕು. ಹಬ್ಬದ ಗರ್ದಿಯಲ್ಲಿ ಸಾವಿರಾರು ಫೋನು ಒಟ್ಟಿಗೆ ತಟ್ಟುತ್ತವೆ. ನಾವು ಗಾಬರಿಯಿಂದ ಮತ್ತೆ ಮತ್ತೆ ಒತ್ತಿದಷ್ಟೂ ಡಿಕ್ಕಿ ಜಾಸ್ತಿ.

ಬಾಗಿಲು ದಾಟಿದ ಮೇಲೆ ಹಂಚಿಕೆ ಶುರು. 4ಜಿ ಟವರಿಗೆ 20 ಮೆಗಾಹರ್ಟ್ಸ್ ಅಗಲದ ತರಂಗ ಇದ್ದರೆ, ಪ್ರತಿ ಮಿಲಿಸೆಕೆಂಡಿಗೆ ಹಂಚಲು 100 ತುಂಡುಗಳು ಸಿಗುತ್ತವೆ. ಅಂದರೆ ಸೆಕೆಂಡಿಗೆ ಸಾವಿರ ಸಲ ಯಾರಿಗೆ ಎಷ್ಟು ತುಂಡು ಅಂತ ಟವರು ತೀರ್ಮಾನ ಮಾಡಬೇಕು.

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ನಮ್ಮ ಭಾವನ ಹೋಟೆಲ್‌ಗಿಂತ ಒಳ್ಳೆಯ ಜಾಗ ಇಲ್ಲ. ಡೊಂಬಿವ್ಲಿ ಪೂರ್ವದಲ್ಲಿ ಸಣ್ಣ ಉಡುಪಿ ಹೋಟೆಲ್. ಒಂದೇ ತವಾ. ಒಂದು ಸಲಕ್ಕೆ ಎಂಟು ದೋಸೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಟೇಬಲ್ ತುಂಬಿರುತ್ತದೆ, ಪಾರ್ಸೆಲ್‌ನವರು ಗಲ್ಲಾದ ಹತ್ತಿರ ನಿಂತಿರುತ್ತಾರೆ, ಆ್ಯಪ್‌ನ ಡೆಲಿವರಿ ಹುಡುಗರು ಹೊರಗೆ ಬೈಕಿನ ಮೇಲೆ ಕೂತಿರುತ್ತಾರೆ. ಮೊದಮೊದಲು ಭಾವ ಆ್ಯಪ್ ಆರ್ಡರ್ ಬಂದ ತಕ್ಷಣ ಅದನ್ನೇ ಮೊದಲು ಹಾಕಿಸುತ್ತಿದ್ದರು. ತಡವಾದರೆ ರೇಟಿಂಗ್ ಬೀಳುತ್ತದೆ ಅನ್ನೋ ಭಯ. ಒಂದು ಭಾನುವಾರ ಆರ್ಡರ್ ಮೇಲೆ ಆರ್ಡರ್ ಬಂತು. ಟೇಬಲ್‌ನಲ್ಲಿ ಕೂತಿದ್ದ ಹಳೇ ಗಿರಾಕಿಗಳು ಮುಕ್ಕಾಲು ಗಂಟೆ ಕಾದು, ಬರೀ ಕಾಫಿ ಕುಡಿದು ಎದ್ದು ಹೋದರು. ದಿನಾ ಬರುತ್ತಿದ್ದ ಒಬ್ಬರು ಹೋಗುವಾಗ ತಿರುಗಿಯೂ ನೋಡಲಿಲ್ಲ. ಭಾವನಿಗೆ ಅದು ಬಹಳ ನೋವಾಯಿತು.

ಜಾಲದ ಭಾಷೆಯಲ್ಲಿ ಇದು ಕಟ್ಟಾ ಆದ್ಯತೆ. ಮೇಲಿನ ಸಾಲು ಪೂರ್ತಿ ಖಾಲಿಯಾಗುವ ತನಕ ಕೆಳಗಿನ ಸಾಲಿಗೆ ಒಂದು ತುಂಡೂ ಇಲ್ಲ. ಮೇಲಿನ ಸಾಲು ಚಿಕ್ಕದಿದ್ದರೆ ತೊಂದರೆಯಿಲ್ಲ. ಅದು ಉದ್ದವಾದರೆ ಕೆಳಗಿನವರು ಉಪವಾಸ.

ಈಗ ಭಾವ ಬೇರೆ ಲೆಕ್ಕ ಇಟ್ಟುಕೊಂಡಿದ್ದಾರೆ. ತವಾದ ಎಂಟರಲ್ಲಿ ನಾಲ್ಕು ಟೇಬಲ್‌ಗೆ, ಎರಡು ಪಾರ್ಸೆಲ್‌ಗೆ, ಎರಡು ಆ್ಯಪ್‌ಗೆ. ಆ್ಯಪ್ ಆರ್ಡರ್ ಇಲ್ಲದಿದ್ದರೆ ಆ ಎರಡು ಜಾಗವನ್ನು ಸುಮ್ನೆ ಬಿಡಲ್ಲ, ಟೇಬಲ್‌ನವರದ್ದು ಬೀಳುತ್ತದೆ. ಇನ್ನೊಂದು ನಿಯಮವೂ ಇದೆ. ಸಣ್ಣ ಮಗು ಹಸಿದು ಅಳುತ್ತಿದ್ದರೆ, ಸಕ್ಕರೆ ಕಾಯಿಲೆಯ ವಯಸ್ಸಾದವರು ಬಂದರೆ, ಒಂದು ಸಾದಾ ದೋಸೆ ಯಾವ ಸಾಲೂ ನೋಡದೆ ತಕ್ಷಣ. ಒಂದು ದೋಸೆಯಿಂದ ಯಾರ ಸರದಿಯೂ ಕೆಡುವುದಿಲ್ಲ. ಆದರೆ ಆಫೀಸ್ ಪಾರ್ಟಿಯ ಮೂವತ್ತು ಮೈಸೂರು ಮಸಾಲೆಗೆ ಆ ಸವಲತ್ತು ಇಲ್ಲ, ಎಷ್ಟೇ ದೊಡ್ಡ ಬಿಲ್ ಆಗಲಿ.

ಭಾವನಿಗೆ ಗೊತ್ತಿಲ್ಲ, ಆದರೆ ಅವರ ನಾಲ್ಕು-ಎರಡು-ಎರಡರ ಲೆಕ್ಕಕ್ಕೆ ದೊಡ್ಡ ಇತಿಹಾಸ ಇದೆ. ಇಂಟರ್‌ನೆಟ್ ರೌಟರಿನಲ್ಲಿ ಸರದಿಯನ್ನು ನ್ಯಾಯವಾಗಿ ಹಂಚುವುದು ಹೇಗೆ ಅಂತ 1989ರಲ್ಲಿ ಡೆಮರ್ಸ್, ಕೇಶವ್, ಶೆಂಕರ್ ಎಂಬ ಮೂವರು ಬರೆದ ಪ್ರಬಂಧದಿಂದ ಬೆಳೆದ ದಾರಿ ಅದು. ಪ್ರತಿ ಸಾಲಿಗೂ ಒಂದು ತೂಕ. ತೂಕದಷ್ಟು ಪಾಲು ಖಾತ್ರಿ. ಯಾರಾದರೂ ತಮ್ಮ ಪಾಲು ಬಳಸದಿದ್ದರೆ ಅದು ಉಳಿದವರಿಗೆ.

ಆ ಸಾದಾ ದೋಸೆಯ ನಿಯಮವೂ ನಿಮ್ಮ ಫೋನಿನಲ್ಲಿ ಈಗಾಗಲೇ ಇದೆ. 4ಜಿಯಲ್ಲಿ ಮಾತಿನ ಕರೆಗೆ ಬೇರೆ ದರ್ಜೆ. ಅದರ ತುಣುಕುಗಳು 100 ಮಿಲಿಸೆಕೆಂಡಿನ ಒಳಗೆ ತಲುಪಬೇಕು, ಅದಕ್ಕೆ ಇಂತಿಷ್ಟು ವೇಗದ ಖಾತ್ರಿಯೂ ಇದೆ. ವಿಡಿಯೊ ನೋಡುವುದು, ವಾಟ್ಸ್ಆ್ಯಪ್ ಫೋಟೊ, ಫೈಲ್ ಇಳಿಸುವುದು, ಇವೆಲ್ಲ ಸಾಮಾನ್ಯವಾಗಿ ಕೊನೆಯ ದರ್ಜೆಯಲ್ಲಿ ಖಾತ್ರಿಯಿಲ್ಲದೆ ಹೋಗುತ್ತವೆ. ಮಾತಿಗೆ ಹೀಗೆ ಮೇಲಿನ ಜಾಗ ಕೊಟ್ಟರೂ ಯಾರಿಗೂ ನಷ್ಟ ಇಲ್ಲ. ಸ್ಪಷ್ಟವಾದ ಒಂದು ಕರೆಗೆ ಸೆಕೆಂಡಿಗೆ 12.65 ಕಿಲೋಬಿಟ್ ಸಾಕು. ಸೆಕೆಂಡಿಗೆ 2.5 ಮೆಗಾಬಿಟ್ ತಿನ್ನುವ ಒಂದು ವಿಡಿಯೊದ ಜಾಗದಲ್ಲಿ, ಮೇಲುಖರ್ಚು ಬಿಟ್ಟು ಲೆಕ್ಕ ಹಾಕಿದರೆ, ಇನ್ನೂರರ ಹತ್ತಿರ ಕರೆಗಳು ಹಿಡಿಯುತ್ತವೆ. ತುರ್ತಾಗಿ ಬೇಕು, ಆದರೆ ತುಂಬಾ ಕಡಿಮೆ ಜಾಗ ಸಾಕು. ಅಂಥದ್ದಕ್ಕೆ ಕಟ್ಟಾ ಆದ್ಯತೆ ಕೊಡಬಹುದು. ಜಾಗ ಜಾಸ್ತಿ ತಿನ್ನುವುದಕ್ಕೆ ತೂಕದ ಲೆಕ್ಕವೇ ಸರಿ. ನನ್ನ ಇಡೀ ವಾದದ ಬುಡ ಇದೇ.

ಒಂದೇ ದರ್ಜೆಯ ಇಬ್ಬರ ನಡುವೆಯೂ ನ್ಯಾಯ ಸುಲಭ ಅಲ್ಲ. ಒಬ್ಬರು ಟವರಿನ ಬುಡದಲ್ಲಿದ್ದಾರೆ ಅಂದುಕೊಳ್ಳಿ. ಟವರು ಪೂರ್ತಿ ಅವರಿಗೇ ಸಿಕ್ಕಿದರೆ 40 ಮೆಗಾಬಿಟ್ ವೇಗ. ಇನ್ನೊಬ್ಬರು ದೂರದ ಚಾಳಿನ ಒಳಕೋಣೆಯಲ್ಲಿ. ಪೂರ್ತಿ ಅವರಿಗೇ ಕೊಟ್ಟರೂ 4 ಮೆಗಾಬಿಟ್ ಮಾತ್ರ. ಒಟ್ಟು ವೇಗ ಜಾಸ್ತಿ ತೋರಿಸಬೇಕು ಅಂದರೆ ಎಲ್ಲವನ್ನೂ ಹತ್ತಿರದವರಿಗೆ ಕೊಡಬೇಕು: 40 ಮತ್ತು ಸೊನ್ನೆ. ಇಬ್ಬರಿಗೂ ಸಮ ವೇಗ ಬೇಕು ಅಂದರೆ ಹತ್ತು ಪಾಲು ಸಮಯ ದೂರದವರಿಗೆ, ಒಂದು ಪಾಲು ಹತ್ತಿರದವರಿಗೆ. ಆಗ ಇಬ್ಬರಿಗೂ ಸುಮಾರು 3.6, ಒಟ್ಟು ಸೇರಿ ಏಳು ಚಿಲ್ಲರೆ. ನಡುವಿನ ದಾರಿ ಸಮಯವನ್ನು ಸಮವಾಗಿ ಹಂಚುವುದು: 20 ಮತ್ತು 2. ಇದನ್ನು ಅನುಪಾತದ ನ್ಯಾಯ ಅನ್ನಬಹುದು. ಕೇಂಬ್ರಿಜ್‌ನ ಗಣಿತಜ್ಞ ಫ್ರಾಂಕ್ ಕೆಲ್ಲಿ 1990ರ ದಶಕದಲ್ಲಿ ಇದಕ್ಕೆ ಗಟ್ಟಿ ಗಣಿತದ ತಳಹದಿ ಹಾಕಿದರು. ಇವತ್ತಿನ ಮೊಬೈಲ್ ಟವರುಗಳ ಹಂಚಿಕೆ ಬಹುಮಟ್ಟಿಗೆ ಇದರ ಸುತ್ತಲೇ ತಿರುಗುತ್ತದೆ. ಆದ್ಯತೆ ಕೊಡುವುದು ಅಂದರೆ ಇಲ್ಲಿ ಒಬ್ಬರ ತೂಕ ಹೆಚ್ಚಿಸುವುದು. ದೂರದವರಿಗೆ ಮೂರು ತೂಕ, ಹತ್ತಿರದವರಿಗೆ ಒಂದು ಅಂತ ಮಾಡಿದರೆ ಸಮಯದ ಮುಕ್ಕಾಲು ಪಾಲು ದೂರದವರದ್ದು. ಅವರಿಗೆ 3, ಹತ್ತಿರದವರಿಗೆ 10. ಒಂದು ಮೆಗಾಬಿಟ್ ಈ ಕಡೆ ಏರಿಸಲು ಆ ಕಡೆ ಹತ್ತು ಇಳಿಯಿತು. ಆ ದೂರದವರು ಆಂಬುಲೆನ್ಸಿನಲ್ಲಿ ಕೂತ ಡಾಕ್ಟರಾದರೆ ಈ ಬೆಲೆ ಕೊಡೋಣ. ಕ್ರಿಕೆಟ್ ನೋಡುತ್ತಿದ್ದರೆ ಬೇಡ, ಅಲ್ವಾ?

ಇಷ್ಟೆಲ್ಲ ಒಳಗೆ ಬಂದವರ ಮಾತು. ಆದರೆ ಜಾಮ್ ಆದಾಗ ನಿಜವಾದ ತೀರ್ಮಾನ ಆಗುವುದು ಬಾಗಿಲಲ್ಲೇ. ಈ ಗಣಿತ ಹಳೆಯದು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬುವರು 1917ರಲ್ಲೇ ಇಷ್ಟು ಲೈನ್ ಇದ್ದು ಇಷ್ಟು ಕರೆ ಬಂದರೆ ನೂರಕ್ಕೆ ಎಷ್ಟು ಕರೆ ವಾಪಸ್ ಹೋಗುತ್ತವೆ ಅನ್ನೋ ಸೂತ್ರ ಕೊಟ್ಟರು. ಮುಂದೆ 1969ರಲ್ಲಿ ಬ್ರೂಸ್ ಮಿಲ್ಲರ್ ಎಂಬುವರು ಬೇರೆ ಬೇರೆ ಬೆಲೆಯ ಗಿರಾಕಿಗಳು ಬರುವಾಗ ಯಾರನ್ನು ಒಳಗೆ ಬಿಡಬೇಕು ಅಂತ ಲೆಕ್ಕ ಹಾಕಿದರು. ಉತ್ತರ ತುಂಬಾ ಸರಳ. ಜಾಗ ಧಾರಾಳ ಇರುವ ತನಕ ಎಲ್ಲರನ್ನೂ ಬಿಡು. ಉಳಿದ ಜಾಗ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಆಮೇಲೆ ಮುಖ್ಯವಾದವರನ್ನು ಮಾತ್ರ ಬಿಡು.

ಲೋಕಲ್ ರೈಲಿನಲ್ಲಿ ಫೋನಿನಲ್ಲಿ ಮಾತಾಡುತ್ತಾ ಹೋಗುವವರು ಈ ನಿಯಮದ ಲಾಭ ದಿನಾ ಪಡೆಯುತ್ತಾರೆ. ರೈಲು ಕುರ್ಲಾದಿಂದ ಘಾಟ್ಕೋಪರ್ ಕಡೆ ಓಡುವಾಗ ರೈಲಿನೊಳಗಿನ ಕರೆಗಳೆಲ್ಲ ಒಟ್ಟಿಗೆ ಒಂದು ಟವರಿನಿಂದ ಮುಂದಿನ ಟವರಿಗೆ ಹಾರುತ್ತವೆ. ಮುಂದಿನ ಟವರಿನಲ್ಲಿ ಜಾಗ ಇಲ್ಲದಿದ್ದರೆ ಮಾತು ನಡುವೆಯೇ ಕಟ್. ಹೊಸ ಕರೆ ಸಿಗದಿದ್ದರೆ ಬೇಸರ ಆಗುತ್ತದೆ. ಮಾತಾಡುತ್ತಿರುವಾಗಲೇ ಕಡಿದು ಹೋದರೆ ಸಿಟ್ಟು ಬರುತ್ತದೆ. ಹಾಗಾಗಿ ಕೊನೆಯ ಒಂದೆರಡು ಜಾಗವನ್ನು ಹಾರಿ ಬರುವ ಕರೆಗಳಿಗೆ ಅಂತ ಕಾದಿಡುವುದು ಹಳೆಯ ರೂಢಿ. ಜಾಸ್ತಿ ಕಾದಿಟ್ಟರೆ ಹೊಸಬರು ಸುಮ್ನೆ ವಾಪಸ್ ಹೋಗುತ್ತಾರೆ.

ಕಾದಿಡುವುದು ಬೇರೆ, ಗೋಡೆ ಕಟ್ಟುವುದು ಬೇರೆ. 5ಜಿ ಬಂದ ಮೇಲೆ ಸ್ಲೈಸಿಂಗ್ ಅನ್ನೋ ಮಾತು ಎಲ್ಲ ಕಡೆ ಕೇಳಿಬರುತ್ತಿದೆ. ಒಂದೇ ಟವರನ್ನು ಹಲವು ಹೋಳು ಮಾಡಿ, ಒಂದು ಹೋಳು ಕಾರ್ಖಾನೆಗೆ, ಒಂದು ಮನೆಯ ಇಂಟರ್‌ನೆಟ್‌ಗೆ, ಒಂದು ಸಾಮಾನ್ಯ ಮೊಬೈಲಿಗೆ ಅಂತ ಕೊಡುವ ತಂತ್ರ. ಲೋಕಲ್ ರೈಲಿನ ಫಸ್ಟ್ ಕ್ಲಾಸ್ ಡಬ್ಬಿಯ ಹಾಗೆ. ಮಧ್ಯಾಹ್ನ ಎರಡಕ್ಕೆ ಫಸ್ಟ್ ಕ್ಲಾಸಿನಲ್ಲಿ ನಾಲ್ಕು ಜನ ಕಾಲು ಚಾಚಿ ಕೂತಿರುತ್ತಾರೆ, ಪಕ್ಕದ ಡಬ್ಬಿಯಲ್ಲಿ ಜನ ಬಾಗಿಲಿಗೆ ಜೋತಾಡುತ್ತಿರುತ್ತಾರೆ. ಡಬ್ಬಿಯ ಗೋಡೆ ಕಬ್ಬಿಣದ್ದು, ಸರಿಸೋಕೆ ಆಗಲ್ಲ. ತರಂಗದ ಗೋಡೆ ಹಾಗಲ್ಲ, ಮಿಲಿಸೆಕೆಂಡಿನಲ್ಲಿ ಸರಿಯುತ್ತದೆ.

ಗೋಡೆಯಿಂದ ಎಷ್ಟು ನಷ್ಟ ಅನ್ನೋದನ್ನು ಎರ್ಲಾಂಗ್ ಸೂತ್ರವೇ ತೋರಿಸುತ್ತದೆ. ಹತ್ತು ಲೈನಿನ ಎರಡು ಗುಂಪು ಇವೆ ಅಂದುಕೊಳ್ಳಿ. ಒಂದೊಂದಕ್ಕೂ ಸರಾಸರಿ ಐದು ಲೈನ್ ತುಂಬುವಷ್ಟು ಕರೆ ಬರುತ್ತದೆ. ನೂರರಲ್ಲಿ ಸುಮಾರು ಎರಡು ಕರೆ ವಾಪಸ್ ಹೋಗುತ್ತವೆ. ಗೋಡೆ ತೆಗೆದು ಇಪ್ಪತ್ತು ಲೈನನ್ನೂ ಒಟ್ಟಿಗೆ ಬಳಸಿದರೆ ಸಾವಿರದಲ್ಲಿ ಸುಮಾರು ಎರಡು ಮಾತ್ರ ವಾಪಸ್. ಅದೇ ಲೈನು, ಅದೇ ಕರೆ. ಹತ್ತು ಪಟ್ಟು ವ್ಯತ್ಯಾಸ! ಅದಕ್ಕೇ ಸ್ಲೈಸಿಂಗ್ ಬರಲಿ, ಆದರೆ ಪ್ರತಿ ಹೋಳಿಗೂ ಕನಿಷ್ಠ ಪಾಲು ಬರೆದಿಟ್ಟು, ಬಳಸದ ಪಾಲು ಆ ಕ್ಷಣವೇ ಪಕ್ಕದವರಿಗೆ ಹೋಗಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಈಗ ದುಡ್ಡಿನ ಮಾತು. 2019ರಲ್ಲಿ ವೊಡಾಫೋನ್ ಐಡಿಯಾ ರೆಡ್‌ಎಕ್ಸ್ ಅನ್ನೋ ಪ್ಲಾನ್ ತಂದಿತು. 2020ರ ಜುಲೈಯಲ್ಲಿ ಏರ್‌ಟೆಲ್ ಪ್ಲಾಟಿನಂ ತಂದಿತು, 499 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ. ಎರಡರ ಭರವಸೆಯೂ ಒಂದೇ: ಜಾಸ್ತಿ ಕೊಡುವವರಿಗೆ ಆದ್ಯತೆಯ 4ಜಿ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಎರಡನ್ನೂ ತಡೆಯಿತು. ಉಳಿದ ಗ್ರಾಹಕರ ಸೇವೆ ಕೆಡುವುದಿಲ್ಲವೇ ಅಂತ ಕೇಳಿತು. ವಿಷಯ ದೂರಸಂಪರ್ಕ ವ್ಯಾಜ್ಯಗಳ ನ್ಯಾಯಮಂಡಳಿ ಟಿಡಿಸ್ಯಾಟ್‌ನ ಮೆಟ್ಟಿಲೂ ಹತ್ತಿತು. ಅದಕ್ಕೂ ಮೊದಲು, 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ನೆಟ್ ನ್ಯೂಟ್ರಾಲಿಟಿಯ ತತ್ವಗಳನ್ನು ಒಪ್ಪಿಕೊಂಡಿತ್ತು. ಜಾಲದಲ್ಲಿ ಹೋಗುವ ವಿಷಯಗಳ ನಡುವೆ ಭೇದ ಮಾಡಬಾರದು, ತುರ್ತು ಸೇವೆ ಮತ್ತು ಕೆಲವು ವಿಶೇಷ ಸೇವೆಗಳಿಗೆ ಮಾತ್ರ ವಿನಾಯಿತಿ ಅನ್ನೋದು ಅದರ ಸಾರ.

ದುಡ್ಡಿನ ಆದ್ಯತೆಯಲ್ಲಿ ಒಂದು ಕಟು ಸತ್ಯ ಇದೆ. ಟವರು ಖಾಲಿ ಇದ್ದಾಗ ಆದ್ಯತೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎಲ್ಲರಿಗೂ ಸಾಕಷ್ಟು ಸಿಗುತ್ತದೆ. ವ್ಯತ್ಯಾಸ ಗೊತ್ತಾಗುವುದು ಜಾಮ್ ಆದಾಗ ಮಾತ್ರ. ಜಾಮ್ ಆದಾಗ ಒಬ್ಬರಿಗೆ ಜಾಸ್ತಿ ಕೊಡಬೇಕಾದರೆ ಇನ್ನೊಬ್ಬರ ತಟ್ಟೆಯಿಂದಲೇ ತೆಗೆಯಬೇಕು. ಹೆಚ್ಚು ಜಿಬಿ ಮಾರುವುದು ವ್ಯಾಪಾರ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಪಕ್ಕದವರ ಸರದಿಯನ್ನು ಮಾರಬೇಕಾದರೆ, ಪಕ್ಕದವರಿಗೆ ಉಳಿಯುವ ಪಾಲು ಎಷ್ಟು ಅಂತ ಕಾಗದದ ಮೇಲೆ ಬರೆದು ಕೊಡಬೇಕು. ನೂರೈವತ್ತು ರೂಪಾಯಿ ರೀಚಾರ್ಜ್ ಮಾಡುವ ಹೋಟೆಲ್ ಹುಡುಗ ಊರಿನ ತಾಯಿಗೆ ರಾತ್ರಿ ಹನ್ನೊಂದಕ್ಕೆ ಮಾಡುವ ಕರೆ ಕೊನೆಯ ಸಾಲಿನದ್ದು ಅಂತ ಯಾರೂ ಸುಮ್ನೆ ತೀರ್ಮಾನ ಮಾಡುವ ಹಾಗಿರಬಾರದು.

ತುರ್ತು ಹೊತ್ತಿನ ಆದ್ಯತೆಯೇ ಬೇರೆ. ಅದು ಬೇಕೇ ಬೇಕು. ಮುಂಬೈಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. 2006ರ ಜುಲೈ 11ರ ಸಂಜೆ ವೆಸ್ಟರ್ನ್ ಲೈನಿನ ರೈಲುಗಳಲ್ಲಿ 11 ನಿಮಿಷದಲ್ಲಿ ಏಳು ಬಾಂಬ್ ಸಿಡಿದಾಗ ಇಡೀ ಊರು ಒಟ್ಟಿಗೆ ಫೋನ್ ಹಿಡಿಯಿತು. ಜಾಲ ಕಟ್ಟಿಕೊಂಡಿತು. ಅದಕ್ಕೆ ಒಂದು ವರ್ಷ ಮೊದಲು, 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದ ದಿನ, ನಮ್ಮ ಅಣ್ಣ ಅಂಧೇರಿಯಿಂದ ನೀರಿನಲ್ಲಿ ನಡೆದು ಬರುತ್ತಿದ್ದ. ರಾತ್ರಿಯಿಡೀ ಅಮ್ಮ ಫೋನಿನ ಪಕ್ಕ ಕೂತಿದ್ದಳು. ಅದು ಒಮ್ಮೆಯೂ ಹೊಡೆದುಕೊಳ್ಳಲಿಲ್ಲ. ಅವತ್ತಿನ ಕಥೆಗೆ ಇನ್ನೊಂದು ಮುಖ ಇದೆ: ಕರೆಂಟ್ ಹೋಗಿ ಬ್ಯಾಟರಿ ಮುಗಿದ ಟವರಿನಲ್ಲಿ ಯಾವ ಆದ್ಯತೆಯೂ ಕೆಲಸ ಮಾಡುವುದಿಲ್ಲ. ಹಂಚುವ ಮೊದಲು ಹಂಚಲು ಏನಾದರೂ ಇರಬೇಕು.

ನಿಮ್ಮ ಸಿಮ್‌ನಲ್ಲೂ ಒಂದು ದರ್ಜೆ ಬರೆದಿದೆ. ಸಾಮಾನ್ಯ ಜನರಿಗೆ 0ಯಿಂದ 9, ಯಾರಿಗೆ ಯಾವುದು ಅಂತ ಭೇದವಿಲ್ಲದೆ ಹಂಚಿದ್ದು. 11ರಿಂದ 15 ವಿಶೇಷ ದರ್ಜೆಗಳು: 12 ಭದ್ರತಾ ಪಡೆ, 13 ನೀರು-ವಿದ್ಯುತ್‌ನಂಥ ಸೇವೆ, 14 ತುರ್ತು ಸೇವೆ. ಉಳಿದ ಎರಡು ಜಾಲ ನಡೆಸುವವರದ್ದು. ತೀರಾ ಜಾಮ್ ಆದಾಗ ಟವರು ಸಾಮಾನ್ಯ ದರ್ಜೆಗಳನ್ನು ಸರದಿಯಂತೆ ತಡೆಹಿಡಿದು ಇವರಿಗೆ ದಾರಿ ಬಿಡಬಹುದು. ತಂತ್ರ ರೆಡಿ ಇದೆ. ಕಷ್ಟ ಇರುವುದು ಈ ದರ್ಜೆ ಯಾರಿಗೆ ಅನ್ನೋ ಪಟ್ಟಿಯಲ್ಲಿ, ಅದನ್ನು ಯಾವಾಗ ಹಾಕಬೇಕು ಅನ್ನೋ ತೀರ್ಮಾನದಲ್ಲಿ.

ಲಂಡನ್ 2005ರ ಜುಲೈ 7ರಂದು ಇದನ್ನು ಕಷ್ಟಪಟ್ಟು ಕಲಿಯಿತು. ರೈಲು ಸ್ಫೋಟದ ದಿನ ಇಡೀ ನಗರಕ್ಕೆ ಆದ್ಯತೆಯ ವ್ಯವಸ್ಥೆ ಹಾಕುವುದು ಬೇಡ ಅಂತ ಮೇಲಿನ ಅಧಿಕಾರಿಗಳ ಗುಂಪು ತೀರ್ಮಾನಿಸಿತು. ಆದರೂ ಸಿಟಿ ಆಫ್ ಲಂಡನ್ ಪೊಲೀಸರು ಆಲ್ಡ್‌ಗೇಟ್ ಸ್ಟೇಷನ್ ಸುತ್ತ ಒಂದು ಕಿಲೋಮೀಟರ್‌ನಲ್ಲಿ ಓ2 ಅನ್ನೋ ಮೊಬೈಲ್ ಕಂಪನಿಯ ಜಾಲಕ್ಕೆ ಅದನ್ನು ಹಾಕಿಸಿದರು. ಲಕ್ಷಾಂತರ ಸಾಮಾನ್ಯ ಕರೆಗಳು ಬಾಗಿಲಲ್ಲೇ ನಿಂತವು. ಒಂದೇ ನಗರ, ಎರಡು ತೀರ್ಮಾನ!

ಅಮೆರಿಕ ತುರ್ತು ಸಿಬ್ಬಂದಿಯ ಮೊಬೈಲ್ ಕರೆಗಳಿಗೆ ಮಾಡಿದ ವ್ಯವಸ್ಥೆಯಲ್ಲಿ ನನಗೆ ಇಷ್ಟವಾದ ಒಂದು ಅಂಶ ಇದೆ. ಜಾಮ್ ಆದಾಗ ಅವರನ್ನು ಸಾಲಿನ ಮುಂದೆ ನಿಲ್ಲಿಸುತ್ತಾರೆ, ನಿಜ. ಆದರೆ ಅದರ ಮೂಲ ವಿನ್ಯಾಸದಲ್ಲಿ ಖಾಲಿಯಾಗುವ ನಾಲ್ಕು ಚಾನೆಲ್‌ಗಳಲ್ಲಿ ಒಂದು ಮಾತ್ರ ಅವರಿಗೆ. ಮೂರು ಜನಸಾಮಾನ್ಯರಿಗೆ. ಯಾಕೆಂದರೆ ಗಾಯಗೊಂಡವರು ಸಹಾಯಕ್ಕೆ ಕೂಗುವುದೂ ಆ ಸಾಮಾನ್ಯ ಕರೆಗಳಲ್ಲೇ. ಆದ್ಯತೆಗೆ ಹೀಗೆ ಮೇಲ್ಮಿತಿ ಇದ್ದಾಗ ಮೊದಲ ಸಾಲಿನವರಿಗೆ ತುಂಬಾ ಏನೂ ಕಡಿಮೆಯಾಗುವುದಿಲ್ಲ, ಕೊನೆಯ ಸಾಲು ಮಾತ್ರ ಉಸಿರಾಡುತ್ತದೆ.

ನಮ್ಮಲ್ಲಿ ಈಗ ಕಾನೂನಿನ ಬಾಗಿಲು ತೆರೆದಿದೆ. 2023ರ ದೂರಸಂಪರ್ಕ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ತುರ್ತಿನ ಹೊತ್ತಿನಲ್ಲಿ ರಕ್ಷಣಾ ಕೆಲಸಕ್ಕೆ ನೇಮಿಸಿದವರ ಸಂದೇಶಗಳನ್ನು ಆದ್ಯತೆಯ ಮೇಲೆ ಕಳಿಸುವ ವ್ಯವಸ್ಥೆಯನ್ನು ಸರ್ಕಾರ ಮಾಡಬಹುದು. ಆ ಪಟ್ಟಿಯಲ್ಲಿ ಮಂತ್ರಿಗಳು, ದೊಡ್ಡ ಅಧಿಕಾರಿಗಳು ತಾವಾಗಿಯೇ ಬರುತ್ತಾರೆ. ನನಗೆ ಚಿಂತೆ ಇರುವುದು ಹಾಜಿ ಅಲಿ, ಇರ್ಲಾ, ಬ್ರಿಟಾನಿಯಾ ಪಂಪಿಂಗ್ ಸ್ಟೇಷನ್‌ಗಳಲ್ಲಿ ರಾತ್ರಿ ಪಾಳಿ ಮಾಡುವ ಆಪರೇಟರ್‌ಗಳ ಬಗ್ಗೆ. 108 ಆಂಬುಲೆನ್ಸಿನ ಡ್ರೈವರ್ ಬಗ್ಗೆ. ಪಾಲಿಕೆ ಆಸ್ಪತ್ರೆಯ ಕ್ಯಾಶುವಾಲ್ಟಿ ವಾರ್ಡಿನ ನರ್ಸ್ ಬಗ್ಗೆ. ಇವರ ಕೈಯಲ್ಲಿರುವುದು ಸ್ವಂತ ಪ್ರೀಪೇಯ್ಡ್ ಸಿಮ್. ಅದರಲ್ಲಿ ಬರೆದಿರುವುದು 0ಯಿಂದ 9ರ ಒಳಗಿನ ಒಂದು ಅಂಕಿ. ಮಳೆಗಾಲ ಶುರುವಾಗುವ ಮೊದಲು, ಪ್ರತಿ ಮೇ ತಿಂಗಳಲ್ಲಿ, ನಾಲೆ ಹೂಳೆತ್ತುವ ಹಾಗೆಯೇ ಈ ಪಟ್ಟಿಯನ್ನೂ ಹೊಸದು ಮಾಡಬೇಕು. ಕೆಲಸ ಬಿಟ್ಟವರ ಹೆಸರು ತೆಗೆಯಬೇಕು, ಹೊಸಬರದ್ದು ಸೇರಿಸಬೇಕು, ಒಂದು ಸಲ ಜಾಲವನ್ನು ಬೇಕೆಂದೇ ತುಂಬಿಸಿ ಕರೆ ಹೋಗುತ್ತದಾ ಅಂತ ನೋಡಬೇಕು.

ಸರದಿಯೇ ಬೇಡದ ದಾರಿಗಳೂ ಇವೆ. 2023ರಲ್ಲಿ ಒಂದು ದಿನ ಎಲ್ಲರ ಫೋನೂ ಒಟ್ಟಿಗೆ ಕಿರುಚಿ ಪರೀಕ್ಷಾ ಸಂದೇಶ ತೋರಿಸಿತ್ತು, ನೆನಪಿದೆಯಾ? ಅದು ಸೆಲ್ ಬ್ರಾಡ್‌ಕಾಸ್ಟ್. ರೇಡಿಯೊ ಹಾಗೆ ಟವರು ಒಮ್ಮೆ ಕೂಗುತ್ತದೆ, ಹತ್ತು ಜನ ಕೇಳಲಿ, ಹತ್ತು ಲಕ್ಷ ಜನ ಕೇಳಲಿ, ಜಾಗ ಒಂದೇ. ಗರ್ದಿಯಲ್ಲಿ ಯಾವ ಗೇಟು ಬಂದ್ ಆಗಿದೆ, ಯಾವ ಸ್ಟೇಷನ್ನಿಗೆ ಹೋಗಬೇಡಿ ಅನ್ನೋದನ್ನು ಹೀಗೆ ತಿಳಿಸಿದರೆ ಸಾವಿರಾರು ಕರೆಗಳು ಹುಟ್ಟುವುದೇ ಇಲ್ಲ.

ಲಾಲ್‌ಬಾಗಿನಲ್ಲಿ ಅವತ್ತು ನನ್ನ ಕೈ ಹಿಡಿದದ್ದು ಎಸ್ಸೆಮ್ಮೆಸ್. ಕರೆಗೆ ಎರಡೂ ಕಡೆ ಒಂದೇ ಹೊತ್ತಿಗೆ ಜಾಗ ಬೇಕು, ಮಾತು ಮುಗಿಯುವ ತನಕ ಆ ಜಾಗ ಉಳಿಯಬೇಕು. ಎಸ್ಸೆಮ್ಮೆಸ್‌ಗೆ ಒಂದು ಚಿಟಿಕೆ ಜಾಗ ಸಾಕು. ಆ ಕಡೆಯ ಫೋನ್ ಸಿಗದಿದ್ದರೆ ಸಂದೇಶ ಕೇಂದ್ರವೇ ಅದನ್ನು ಇಟ್ಟುಕೊಂಡು ಮತ್ತೆ ಮತ್ತೆ ಕಳಿಸಿ ನೋಡುತ್ತದೆ. ಕರೆ ಒತ್ತುವುದನ್ನು ನಿಲ್ಲಿಸಿ "ಚಿಂಚ್‌ಪೋಕ್ಲಿ ಸ್ಟೇಷನ್ ಸೇತುವೆ ಹತ್ತಿರ ಇರ್ತೇನೆ" ಅಂತ ಬರೆದು ಕಳಿಸಿ ಅಲ್ಲಿಗೆ ನಡೆದೆ. ಇಪ್ಪತ್ತು ನಿಮಿಷ ಆದ ಮೇಲೆ ಫೋನು ಒಮ್ಮೆ ನಡುಗಿತು. ಹೆಂಡತಿಯ ಉತ್ತರ: "ಸಿಕ್ತು. ಅತ್ತೆ ನೀರು ಕುಡೀತಿದ್ದಾರೆ. ಬರ್ತೇವೆ."